ನೀರು ನಿಲ್ಲುವ ಕಲ್ಲು

1933ನೇ ಇಸವಿಯ ಮಾರ್ಚ್ ತಿಂಗಳಲ್ಲಿ, ಸತ್ತು ಎರಡು ವರ್ಷವಾಗಿದ್ದ ಒಂದು ಮಗುವಿನ ಹೆಸರನ್ನು ಸರ್ಕಾರ ಬದಲಾಯಿಸಿತು. ಗೋರಿಯ ಮೇಲಿದ್ದ ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಕೆತ್ತುವ ಕೆಲಸವನ್ನು ಮಗುವಿನ ಅಪ್ಪನಿಂದಲೇ ಮಾಡಿಸಲಾಯಿತು. ಊರಿನಲ್ಲಿ ಬೇರೆ ಕಲ್ಲುಕುಟಿಗ ಇರಲಿಲ್ಲ.

ಊರು ಪೊದ್ಕಾಲ್, ತ್ರಿಯೆಸ್ತೆ ನಗರದ ನೆತ್ತಿಯ ಮೇಲಿನ ಸುಣ್ಣಕಲ್ಲಿನ ಬಯಲಿನಲ್ಲಿ; ಆಳುತ್ತಿದ್ದುದು ಇಟಲಿ, ಊರಿನವರ ಮಾತು ಇಟಾಲಿಯನ್ ಅಲ್ಲ. ಅಪ್ಪ ಬ್ಲಾಜ್ ಬ್ರೆಗಾರ್. ಮಗು ಯೂಸ್ತ್, ನಾಲ್ಕು ವರ್ಷ, ಗಂಟಲಮಾರಿಯಲ್ಲಿ ಹೋದದ್ದು. ಮನೆಗೆ ಬಂದ ಹಾಳೆಯಲ್ಲಿ ‘ಬದಲಾಯಿಸಲಾಗಿದೆ’ ಎಂದಿರಲಿಲ್ಲ. ‘ಮೂಲ ಇಟಾಲಿಯನ್ ರೂಪಕ್ಕೆ ಮರಳಿಸಲಾಗಿದೆ’ ಎಂದಿತ್ತು. ಅದೇ ದಿನ ಅದೇ ಗುಮಾಸ್ತ ಊರಿನ ಇನ್ನೆರಡು ಮನೆಗಳನ್ನೂ ಮುಗಿಸಿದ. ಬ್ರೆಗಾರ್, ಬ್ರೆಗಾಂತ್, ಬ್ರೆಶ್ಚಾಕ್. ಈ ಮೂರು ಮನೆಗಳ ನಡುವೆ ರಕ್ತಸಂಬಂಧವಿರಲಿಲ್ಲ. ಎರಡರ ನಡುವೆ ಹುಲ್ಲುಗಾವಲಿನ ವಿಷಯಕ್ಕೆ ಮಾತುಕತೆಯೂ ಇರಲಿಲ್ಲ. ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಮೂರೂ ಮನೆಯವರು ಬ್ರೆಸ್ಸಾನಿಗಳಾಗಿದ್ದರು. ಮಗು ಜುಸ್ತೊ ಬ್ರೆಸ್ಸಾನಿ ಆಗಿತ್ತು.

ಎಪ್ಪತ್ತೈದು ವರ್ಷದ ಮೇಲೆ, ಸತ್ತವರ ಹಬ್ಬಕ್ಕೆ ಒಂದು ವಾರ ಇದ್ದಾಗ, ಬ್ಲಾಜ್‌ನ ಮೊಮ್ಮಗಳು ದಾರಿಂಕಾ ಅಡುಗೆಮನೆಯಲ್ಲಿ ಎಲೆಕೋಸು ಹೆಚ್ಚುತ್ತಿದ್ದಳು. ಅರವತ್ತೆಂಟು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ನಗರದ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕಳೆದಿದ್ದವು. ಒಂಬತ್ತು ವರ್ಷದ ಹಿಂದೆ ಗಂಡ ರಾದೊ ಸತ್ತಾಗ ಅವಳಿಗೆ ಅಳು ಬರಲಿಲ್ಲ. ಆಮೇಲೆ ಬರುತ್ತೆ ಎಂದು ನೆರೆಯವರು ಹೇಳಿದರು. ಆಮೇಲೆಯೂ ಬರಲಿಲ್ಲ; ಅದರ ಹಿಂದೆಯೇ ನಗು, ಸಿಟ್ಟು, ಹಸಿವು ಎಲ್ಲವೂ ಒಂದೊಂದಾಗಿ ಬರುವುದನ್ನು ಬಿಟ್ಟವು. ಹೊತ್ತಾದರೆ ಉಣ್ಣುತ್ತಿದ್ದಳು. ಗಂಟೆ ಹೊಡೆದರೆ ಎಣಿಸುತ್ತಿದ್ದಳು.

ವಾಲ್ಟರ್ ಬಾಗಿಲು ತಟ್ಟದೆ ಒಳಗೆ ಬಂದ. ಅಣ್ಣನ ಮಗ, ತಟ್ಟುವ ಅಭ್ಯಾಸ ಚಿಕ್ಕಂದಿನಿಂದಲೂ ಇಲ್ಲ.

“ಅತ್ತೇ, ಏನ್ ಘಮ್ ಅಂತಿದೆ! ಯೋತಾ ಸಾರಾ?”

“ಇನ್ನೂ ಒಲೆ ಮೇಲೆ ಇಟ್ಟೇ ಇಲ್ಲ ಕಣೋ. ಏನ್ ಬೇಕು ಹೇಳು.”

ಅವನು ನಕ್ಕು, ಮೇಜಿನ ಮೇಲಿದ್ದ ಕೋಸಿನ ಚೂರುಗಳನ್ನು ಮೊಣಕೈಯಿಂದ ಸರಿಸಿ ಒಂದು ಹಾಳೆ ಇಟ್ಟ.

“ಒಂದ್ ಸಹಿ. ಅಷ್ಟೇ.”

ವಾಲ್ಟರ್ ನಗರದಲ್ಲಿ ವಿಮೆ ಕಂಪನಿಯ ಕೆಲಸದಲ್ಲಿದ್ದ. ಎರಡು ವರ್ಷದಿಂದ ‘ಬ್ರೆಸ್ಸಾನಿ ಬಳಗ’ ಎಂಬುದಕ್ಕೆ ಓಡಾಡುತ್ತಿದ್ದ. ಟೂರಿನ್ ನಗರದ ಒಬ್ಬ ವಕೀಲ, ಒತ್ತಾವಿಯೊ ಬ್ರೆಸ್ಸಾನಿ, ಅದರ ಅಧ್ಯಕ್ಷ. ಎಲ್ಲೆಲ್ಲಿ ಆ ಹೆಸರಿನವರು ಇದ್ದಾರೋ ಅಲ್ಲೆಲ್ಲ ಪತ್ರ ಬರೆದು, ಎಲ್ಲರನ್ನೂ ಒಂದೇ ಬೇರಿಗೆ ಕಟ್ಟುವ ವಂಶವೃಕ್ಷ ಮಾಡಿಸಿದ್ದ. ಬೇರು ಇದ್ದದ್ದು ಬ್ರೆಶಾ ನಗರದಲ್ಲಿ, ಆರುನೂರು ವರ್ಷದ ಹಿಂದಿನ ಒಬ್ಬ ಕುದುರೆ ಸರದಾರನ ಮನೆಯಲ್ಲಿ. ಈ ಶನಿವಾರ ಬಳಗದ ನಲವತ್ತು ಜನ ಬಸ್ಸು ಮಾಡಿಕೊಂಡು ಪೊದ್ಕಾಲ್‌ಗೆ ಬರುವವರಿದ್ದರು.

ಹಾಳೆ ಗೋರಿಗೆ ಸಂಬಂಧಪಟ್ಟದ್ದು. ಗೋರಿಯ ಜಾಗ ದಾಖಲೆಯಲ್ಲಿ ದಾರಿಂಕಾಳ ಹೆಸರಿನಲ್ಲಿತ್ತು. ಕಲ್ಲಿನ ಮೇಲ್ಮೈಯನ್ನು ಯಂತ್ರದಿಂದ ಉಜ್ಜಿ ಮಟ್ಟ ಮಾಡಿ, ಹೊಳಪು ಕೊಟ್ಟು, ಹೆಸರನ್ನು ಹೊಸದಾಗಿ ಕೆತ್ತಿ ಚಿನ್ನದ ಬಣ್ಣ ತುಂಬಲು ಬಳಗಕ್ಕೆ ಅನುಮತಿ.

“ಯಾಕೆ ಆ ಕಲ್ಲೇ?” ಎಂದಳು. ಕೇಳಬೇಕಲ್ಲ ಎಂದು ಕೇಳಿದಳು.

“ಯಾಕೆ ಅಂದ್ರೆ? ಅತ್ತೆ, ನಮ್ಮೂರಲ್ಲಿ ಬ್ರೆಸ್ಸಾನಿ ಅಂತ ಬರೆದಿರೋ ಅತೀ ಹಳೇ ಕಲ್ಲು ಅದು. ಮೂವತ್ತೊಂದನೇ ಇಸವಿ. ಹೆಸರು ಬದಲಾಯಿಸೋ ಆಜ್ಞೆ ನಮ್ಮೂರಿಗೆ ಬಂದಿದ್ದು ಮೂವತ್ತಮೂರರಲ್ಲಿ. ಲೆಕ್ಕ ಹಾಕು! ಅಂದ್ರೆ ನಮ್ಮದು ಯಾರೋ ಅಂಟಿಸಿದ ಹೆಸರಲ್ಲ. ಮೊದಲಿಂದಲೂ ನಾವು ಬ್ರೆಸ್ಸಾನಿಗಳೇ. ಬೇರೆಯೋರ ಕತೆ ಬೇರೆ.”

“ಆ ಕಲ್ಲನ್ನ ತಾತ ಎರಡನೇ ಸಲ ಕೆತ್ತಿದ್ದು.”

“ಯಾರ್ ಹೇಳಿದ್ರು?”

“ನನ್ನಪ್ಪ. ನಿನ್ನ ತಾತ.”

“ಕಾಗದ ಇದ್ಯಾ?”

ಕಾಗದ ಇರಲಿಲ್ಲ. 1944ರ ಆಗಸ್ಟ್‌ನಲ್ಲಿ ಜರ್ಮನರು ಊರಿಗೆ ಬೆಂಕಿ ಇಟ್ಟಾಗ ಮನೆಯ ಜತೆ ಅದೂ ಹೋಗಿತ್ತು.

“ನೋಡು ಮತ್ತೆ,” ವಾಲ್ಟರ್ ಕುರ್ಚಿಯಲ್ಲಿ ಒರಗಿದ. “ವಕೀಲರು ದಫ್ತರದಲ್ಲೂ ಹುಡುಕಿಸಿದ್ರು. ಪೊದ್ಕಾಲ್‌ದು ಆ ವರ್ಷದ ಕಟ್ಟೇ ಸಿಗಲಿಲ್ಲ. ಕಾಗದ ಇಲ್ಲ, ಕಲ್ಲಿದೆ. ಕಲ್ಲು ಸುಳ್ಳು ಹೇಳುತ್ತಾ?”

“ನಿಂಗೆ ಇದ್ಯಾಕೆ ಇಷ್ಟು ಬೇಕಾಗಿದೆ?”

ವಾಲ್ಟರ್‌ನ ನಗು ಸ್ವಲ್ಪ ಕುಂದಿತು. “ನಿಂಗೇನ್ ಅತ್ತೆ, ಒಗೆಯೋ ಕೋಣೇಲಿ ಎಲ್ರೂ ಗುಡ್ಡದೋರೇ. ನಾನು ಓದಿದ್ದು ಕೆಳಗೆ, ನಗರದಲ್ಲಿ. ಎಂಟು ವರ್ಷ. ಹಾಜರಿ ಕರೀವಾಗ ಬ್ರೆಸ್ಸಾನಿ ಅಂತಿದ್ರು. ಆಟದ ಬಯಲಲ್ಲಿ ಗುಡ್ಡದ ಗುಲಾಮ ಅಂತಿದ್ರು. ಒಂದ್ಸಲ ಆದ್ರೂ ಆ ಹೆಸರು ನಂದು ಅಂತ ಅನ್ನಿಸ್ಬೇಕು ನಂಗೆ.”

ದಾರಿಂಕಾ ಕೋಸು ಹೆಚ್ಚುವುದನ್ನು ಮುಂದುವರಿಸಿದಳು. ಇಡೀ ಆಯುಷ್ಯ ಅವಳ ಕಾಗದಗಳಲ್ಲೆಲ್ಲ ಬ್ರೆಸ್ಸಾನಿ ಎಂದೇ ಇತ್ತು. ಬೇಕಾದವರು ಹಿಂದಿನದಕ್ಕೆ ಮರಳಬಹುದು ಎಂಬ ಕಾನೂನು ಬಂದ ಮೇಲೆ ಊರಿನ ಕೆಲವರು ಅರ್ಜಿ ಹಾಕಿ ಹಳೆಯ ಹೆಸರು ವಾಪಸ್ ಪಡೆದರು, ಅವಳು ಹೋಗಲಿಲ್ಲ. ಆ ಹೆಸರಿನಲ್ಲೇ ಸಂಬಳ ಬಂದಿತ್ತು, ಆ ಹೆಸರಿನಲ್ಲೇ ಮದುವೆಯಾಗಿತ್ತು, ಆ ಹೆಸರು ಕೂಗಿದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ತಿರುಗಿ ನೋಡಿದ್ದಳು.

“ಆಗಲಿ,” ಎಂದಳು. “ಶನಿವಾರ ಹಾಕ್ತೀನಿ. ಈಗ ಕೈಯೆಲ್ಲ ಕೋಸು.”

“ಇನ್ನೂ ಒಳ್ಳೇದಾಯ್ತು. ಎಲ್ರ ಎದುರಿಗೇ ಹಾಕು, ಫೋಟೊ ತೆಗೀತಾರೆ.” ಹಾಳೆಯನ್ನು ಉಪ್ಪಿನ ಡಬ್ಬಿಯ ಕೆಳಗೆ ಸಿಕ್ಕಿಸಿ, ಒಂದು ಚೂರು ಹಸಿಕೋಸು ಬಾಯಿಗೆ ಹಾಕಿಕೊಂಡು ಅವನು ಹೋದ.

ನಾಲ್ಕು ದಿನ ಹಾಳೆ ಅಲ್ಲೇ ಇತ್ತು. ಉಪ್ಪು ಬೇಕಾದಾಗ ಡಬ್ಬಿ ಎತ್ತುತ್ತಿದ್ದಳು, ಮತ್ತೆ ಇಡುತ್ತಿದ್ದಳು. ಓದಲಿಲ್ಲ.

*

ಶನಿವಾರ ಹತ್ತು ಗಂಟೆಗೆ ಬಸ್ಸು ಬಂತು. ನಲವತ್ತು ಜನ, ನಲವತ್ತು ಎದೆಗಳ ಮೇಲೂ ಗುರುತಿನ ಚೀಟಿ, ಎಲ್ಲದರ ಮೇಲೂ ದೊಡ್ಡ ಅಕ್ಷರದಲ್ಲಿ ಬ್ರೆಸ್ಸಾನಿ. ಗುರುತಿಗೆಂದು ಹಾಕಿಕೊಂಡಿದ್ದ ಚೀಟಿ ಯಾರನ್ನೂ ಗುರುತಿಸುತ್ತಿರಲಿಲ್ಲ. ಹೆಚ್ಚಿನವರು ನೇರವಾಗಿ ಮೂಲೆಮನೆಯವರ ಹೆಂಡದಂಗಡಿಗೆ ನುಗ್ಗಿದರು. ಬಾಗಿಲಿಗೆ ಐವಿ ಬಳ್ಳಿಯ ತೋರಣ ಕಟ್ಟಿ, ಹೊಸ ತೆರಾನ್ ದ್ರಾಕ್ಷಾರಸದ ಪೀಪಾಯಿ ಒಡೆಯುವ ವಾರ ಅದು. ಅಧ್ಯಕ್ಷ ಮಾತ್ರ ವಾಲ್ಟರ್ ಜತೆ ದಾರಿಂಕಾಳ ಮನೆಗೆ ಬಂದ. ಹಿಂದೆ ಒಬ್ಬ ಹೆಂಗಸೂ ಬಂದಳು: ಬೆಳ್ಳಿ ಕೂದಲು, ನಡೆಯುವ ಬೂಟು, ದೊಡ್ಡ ಕೈಚೀಲ.

ವಕೀಲ ಒತ್ತಾವಿಯೊ ಎತ್ತರದ, ಶುಭ್ರ ಕಾಲರಿನ ಮನುಷ್ಯ. ಅಡುಗೆಮನೆಯ ಮೇಜಿನ ಮೇಲೆ ಒಂದು ಸುರುಳಿ ಬಿಚ್ಚಿದ. ಮೇಜು ಸಾಲಲಿಲ್ಲ; ವಾಲ್ಟರ್ ಒಂದು ತುದಿಯನ್ನು ಎತ್ತಿ ಹಿಡಿದು ನಿಲ್ಲಬೇಕಾಯಿತು.

“ಇಲ್ಲಿ ನೋಡಿ ಸಿನ್ಯೋರಾ, ಮೇಲೆ ನಮ್ಮ ಸರದಾರರು. ಸಾವಿರದ ಮುನ್ನೂರ ಎಂಬತ್ತು. ಅಲ್ಲಿಂದ ಇಳೀತಾ ಇಳೀತಾ... ಇದು ನಾನು. ಇದು ನಿಮ್ಮ ವಾಲ್ಟರ್. ಇದು ನೀವು. ಮತ್ತೆ ಈ ಕಡೆ ಕೊಂಬೆ, ನೋಡಿ, ನೇಲಿದಾ ಅವರು. ಅರ್ಜೆಂಟೀನಾದಿಂದ ಬಂದಿದ್ದಾರೆ, ರೊಸಾರಿಯೊ ಊರು. ನಿಮಗೆ ಮೂರನೇ ತಲೆಮಾರಿನ ತಂಗಿ ಆಗಬೇಕು!”

ಬೆಳ್ಳಿ ಕೂದಲಿನ ಹೆಂಗಸು ನಕ್ಕು ಎರಡೂ ಕೈ ಚಾಚಿದಳು. ದಾರಿಂಕಾ ತನ್ನ ಕೈ ಕೊಟ್ಟಳು. ಯಾರದೋ ಒದ್ದೆ ಬಟ್ಟೆ ಹಿಡಿದಂತೆ ಹಿಡಿದು ಬಿಟ್ಟಳು.

“ಅಕ್ಕಾ ಅಂತ ಕರೀಲಾ?” ಎಂದಳು ನೇಲಿದಾ. “ನಾನು ಶಾಲೆ ಟೀಚರ್, ಈಗ ನಿವೃತ್ತಿ. ನನ್ನ ತಾತ ಮೂವತ್ತಾರರಲ್ಲಿ ಇಲ್ಲಿಂದ ಹಡಗು ಹತ್ತಿದ್ದು. ಊರಿನ ಬಗ್ಗೆ ಬಾಯೇ ಬಿಡ್ತಿರಲಿಲ್ಲ. ಸಿಟ್ಟು ಬಂದ್ರೆ ಮಾತ್ರ ಒಂದು ಮಾತು. ‘ನೀವು ಕಾಲಾರ್ ಮನೇಲಿ ಹುಟ್ಟಿದ್ರೆ ಹೀಗೆ ಆಡ್ತಿರಲಿಲ್ಲ’ ಅಂತ. ಕಾಲಾರ್ ಅಂದ್ರೆ ಯಾರು? ವಕೀಲರ ಹತ್ರ ಕೇಳಿದೆ, ವೃಕ್ಷದಲ್ಲಿ ಅಂಥ ಹೆಸರೇ ಇಲ್ಲ ಅಂದ್ರು.”

ದಾರಿಂಕಾ ಕಿಟಕಿಯತ್ತ ಕೈ ತೋರಿಸಿದಳು. “ಅಲ್ಲಿ ಕೊಳ ಇದೆ ನೋಡಿ, ಅದರ ಪಕ್ಕ ಹಸಿರು ಬಾಗಿಲು. ಅದೇ ಕಾಲಾರ್ ಮನೆ. ಕೊಳದವರು. ಅದು ಮನೆಹೆಸರು.”

“ಅಂದ್ರೆ ನಾವು...”

“ನೀವು ಬ್ರೆಶ್ಚಾಕ್. ನಾವು ಬ್ರೆಗಾರ್. ನಮ್ಮನೇಗೆ ಮೆಜ್ನಾರ್ ಮನೆ ಅಂತಾರೆ, ಚರ್ಚಿನ ಗಂಟೆ ಹೊಡೆಯೋರ ಮನೆ.”

ಊರಿನವರಿಗೆ ಇದು ಹೇಳಬೇಕಾದ ವಿಷಯವೇ ಅಲ್ಲ. ಅಂಚೆಯವನು, ಪಾದ್ರಿ, ಸಾವಿನ ಸುದ್ದಿಯ ಹಾಳೆ ಗೋಡೆಗೆ ಅಂಟಿಸುವವನು, ಎಲ್ಲರೂ ಕೇಳುವುದು ಯಾವ ಮನೆ ಎಂದು. ಸರ್ಕಾರ ಕಾಗದದ ಮೇಲಿನ ಹೆಸರನ್ನು ಕಿತ್ತುಕೊಂಡಿತು. ಮನೆಹೆಸರನ್ನು ಕಿತ್ತುಕೊಳ್ಳಲು ಆಗಲಿಲ್ಲ, ಏಕೆಂದರೆ ಅದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ.

“ಹಾಗಾದ್ರೆ ನಾವು ನೆಂಟರಲ್ವಾ?” ನೇಲಿದಾ ಕೇಳಿದಳು.

“ಅಲ್ಲ. ನಿಮ್ಮ ತಾತ, ನಮ್ಮ ತಾತ ಹುಲ್ಲುಗಾವಲಿಗೆ ಹೊಡೆದಾಡ್ಕೊಂಡಿದ್ರು. ನಿಮ್ಮೋರು ನಮ್ಮೋರ ಕತ್ತೆಯ ಬಾಲ ಕತ್ತರಿಸಿದ್ರು.”

ನೇಲಿದಾ ಜೋರಾಗಿ ನಕ್ಕಳು. “ಅದೂ ಒಂದು ಸಂಬಂಧವೇ ತಾನೇ? ಅರವತ್ತು ವರ್ಷಕ್ಕೆ ಮೊದಲ ಸಲ ನಮ್ಮ ತಾತ ಏನೋ ಮಾಡಿದ್ದು ಗೊತ್ತಾಯ್ತು!”

ವಕೀಲ ಗಂಟಲು ಸರಿಪಡಿಸಿಕೊಂಡ. “ಹಳ್ಳಿಗಳಲ್ಲಿ ಅಡ್ಡಹೆಸರು ಇದ್ದೇ ಇರುತ್ತೆ ಸಿನ್ಯೋರಾ. ದಾಖಲೆ ಬೇರೆ, ಹರಟೆ ಬೇರೆ. ನಮ್ಮ ಕೈಲಿ 1931ರ ಕಲ್ಲಿದೆ. ಬನ್ನಿ, ಬೆಳಕು ಚೆನ್ನಾಗಿದೆ, ಫೋಟೊ ಮುಗಿಸೋಣ.”

ನೇಲಿದಾ ಕಿಟಕಿಯ ಹತ್ತಿರವೇ ನಿಂತು ಹಸಿರು ಬಾಗಿಲನ್ನು ನೋಡುತ್ತಿದ್ದಳು. ಎದೆಯ ಮೇಲಿನ ಚೀಟಿಯನ್ನು ಯಾವಾಗಲೋ ಕಳಚಿ ಕೈಚೀಲಕ್ಕೆ ಹಾಕಿಕೊಂಡಿದ್ದಳು. ದಾರಿಂಕಾ ಅದನ್ನು ಕಂಡಳು. ಕಂಡಳು, ಅಷ್ಟೇ. ಉಪ್ಪಿನ ಡಬ್ಬಿಯ ಕೆಳಗಿನಿಂದ ಹಾಳೆ ತೆಗೆದು ಮಡಚಿ ಜೇಬಿಗೆ ಹಾಕಿದಳು. ಬಕೆಟ್ಟು, ಬ್ರಷ್ಷು, ಒಂದು ಹಳೆಯ ಬಟ್ಟೆ ತೆಗೆದುಕೊಂಡಳು. ಹೇಗಿದ್ದರೂ ಹಬ್ಬಕ್ಕೆ ಕಲ್ಲು ತೊಳೆಯುವ ದಿನವೇ ಅದು.

*

ಸ್ಮಶಾನ ಚರ್ಚಿನ ಹಿಂದೆ. ಬುರ್ಯಾ ಗಾಳಿ ಎರಡು ದಿನ ಬೀಸಿ ನಿಂತಿತ್ತು. ಸೈಪ್ರಸ್ ಮರಗಳ ಕೆಳಗೆಲ್ಲ ಕಡ್ಡಿ ಬಿದ್ದಿದ್ದವು. ಯೂಸ್ತ್‌ನ ಕಲ್ಲು ಮೂಲೆಯಲ್ಲಿತ್ತು, ನೆಲಕ್ಕೆ ಮಲಗಿಸಿದ ಸಣ್ಣ ಚಪ್ಪಡಿ, ಮಕ್ಕಳ ಅಳತೆಯದು. ಮೇಲ್ಭಾಗದಲ್ಲಿ ಹೆಸರು, ಕೆಳಗೆ ಇಸವಿಗಳು: 1927–1931.

ಹೆಂಡದಂಗಡಿಯಿಂದ ಹತ್ತು ಹದಿನೈದು ಜನ ಕೆಂಪು ಮುಖ ಹೊತ್ತು ಬಂದು ಸುತ್ತ ನಿಂತರು. ಒಬ್ಬ ಕ್ಯಾಮೆರಾ ಸಿದ್ಧ ಮಾಡಿದ.

ದಾರಿಂಕಾ ಪ್ರತಿ ವರ್ಷ ಮಾಡುವುದನ್ನೇ ಮಾಡಿದಳು. ಬ್ರಷ್ಷಿನಿಂದ ಪಾಚಿ ಉಜ್ಜಿದಳು. ಬಕೆಟ್ಟಿನ ನೀರನ್ನು ಕಲ್ಲಿನ ಮೇಲೆ ನಿಧಾನ ಸುರಿದಳು. ಸುರಿದು ನಿಂತಳು. ತಾತ ಹೀಗೇ ಮಾಡುತ್ತಿದ್ದ: ಸುರಿದು, ಟೋಪಿ ತೆಗೆದು, ಸುಮ್ಮನೆ ನಿಲ್ಲುವುದು. ಬಹಳ ಹೊತ್ತಾದ ಮೇಲೆ ಬಗ್ಗಿ ನಿಂತ ನೀರನ್ನು ಟೋಪಿಯಲ್ಲೇ ಒರೆಸಿ, ಟೋಪಿ ಹಿಂಡಿ, ಮನೆಗೆ ನಡೆಯುವುದು. ತಾತನ ಕಾಲ ಮುಗಿದ ಮೇಲೆ ಅಪ್ಪ ಹೀಗೇ ಮಾಡಿದ. ಅಪ್ಪನ ಕಾಲ ಮುಗಿದ ಮೇಲೆ ಅವಳು. ಚಿಕ್ಕಂದಿನಲ್ಲಿ ಎಲ್ಲರೂ ಗೋರಿ ತೊಳೆಯುವುದು ಹೀಗೇ ಎಂದುಕೊಂಡಿದ್ದಳು. ದೊಡ್ಡವಳಾದ ಮೇಲೆ ಏನೂ ಅಂದುಕೊಂಡಿರಲಿಲ್ಲ.

“ಅಯ್ಯೋ ಪಾಪ,” ವಕೀಲ ಕಲ್ಲಿನ ಮೇಲೆ ಬಗ್ಗಿದ. “ನೋಡಿ, ಹೆಸರಿರೋ ಕಡೆ ಹೇಗೆ ತಗ್ಗಾಗಿದೆ. ಅಂಗೈಯಷ್ಟು ನೀರು ನಿಂತಿದೆ. ಹಳ್ಳಿ ಕಲ್ಲುಕುಟಿಗ, ಮಟ್ಟ ಹಿಡಿಯೋಕೆ ಬರ್ತಿರಲಿಲ್ಲ ಅಂತ ಕಾಣುತ್ತೆ. ಪರವಾಗಿಲ್ಲ, ಯಂತ್ರ ಬಂದ್ರೆ ಅರ್ಧ ಗಂಟೆ ಕೆಲಸ. ಕನ್ನಡಿ ಥರ ಮಾಡಿಸ್ತೀವಿ.”

ಯಾರೋ ಹಿಂದಿನಿಂದ, “ಕುಡಿದಿದ್ದ ಅನ್ಸುತ್ತೆ, ಇಲ್ಲಿ ತೆರಾನ್ ಅಷ್ಟು ಚೆನ್ನಾಗಿದೆ!” ಎಂದರು. ನಗು ಹಬ್ಬಿತು. ವಾಲ್ಟರ್ ಕೂಡ ನಕ್ಕ.

ಮಟ್ಟ ಹಿಡಿಯೋಕೆ ಬರ್ತಿರಲಿಲ್ಲ.

ದಾರಿಂಕಾ ತಲೆ ಎತ್ತಿದಳು. ವಕೀಲನ ಬೆನ್ನ ಹಿಂದೆ ಚರ್ಚಿನ ಬಾಗಿಲು ಇತ್ತು. ಅದರ ಕಲ್ಲಿನ ಚೌಕಟ್ಟು ಬ್ಲಾಜ್ ಬ್ರೆಗಾರ್‌ನದು. ಊರಿನ ಹದಿನಾಲ್ಕು ಹೊಸ್ತಿಲು, ಎರಡು ಬಾವಿಕಟ್ಟೆ, ಕೊಳಕ್ಕೆ ಇಳಿಯುವ ಮೆಟ್ಟಿಲು ಅವನವು. ಬೆಂಕಿ ಇಟ್ಟಾಗ ಮನೆಗಳು ಬಿದ್ದವು, ಹೊಸ್ತಿಲುಗಳು ಕದಲಲಿಲ್ಲ. ಅಂಗಳದಲ್ಲಿ ಕೆಲಸ ಮುಗಿದ ಪ್ರತಿ ಚಪ್ಪಡಿಯ ಮೇಲೂ ತಾತ ಒಂದು ಲೋಟ ನೀರು ಸುರಿಯುತ್ತಿದ್ದುದು ಅವಳಿಗೆ ನೆನಪಿತ್ತು. ನೀರು ಹರಿದು ಹೋಗಬೇಕು. ಎಲ್ಲಾದರೂ ಒಂದು ಹನಿ ನಿಂತರೆ ಮತ್ತೆ ಉಳಿ ಹಿಡಿಯುತ್ತಿದ್ದ. “ನಿಂತ ನೀರು ಚಳೀಲಿ ಹೆಪ್ಪುಗಟ್ಟಿ ಕಲ್ಲು ಸೀಳುತ್ತೆ,” ಎಂದು ಅಪ್ಪನಿಗೆ ಹೇಳುತ್ತಿದ್ದ. “ನೀರು ನಿಲ್ಲೋ ಕಲ್ಲನ್ನ ನಾನು ಅಂಗಳದಿಂದ ಹೊರಗೆ ಕಳ್ಸಲ್ಲ.”

ಅವಳು ಮೊಣಕಾಲೂರಿದಳು. ನಿಂತ ನೀರಿನೊಳಗೆ ಬೆರಳು ಇಳಿಸಿದಳು. ತಗ್ಗಿನ ಅಂಚು ಸವೆದು ಕುಸಿದದ್ದಲ್ಲ. ಬೆರಳು ನೇರವಾದ ಗೆರೆ ಹಿಡಿದು ಹೋಯಿತು, ಮೂಲೆ ಸಿಕ್ಕಿತು, ತಿರುಗಿತು, ಇನ್ನೊಂದು ಮೂಲೆ. ನಾಲ್ಕು ಮೂಲೆ, ನಾಲ್ಕೂ ಚೌಕ, ಸಣ್ಣ ಉಳಿಯಲ್ಲಿ ಒಂದೇ ಆಳಕ್ಕೆ ಇಳಿಸಿದ್ದು. ತಟ್ಟೆಯ ತಳದಷ್ಟು ಸಮ. ಹಳೆಯ ಹೆಸರು ಇದ್ದ ಜಾಗ ಇಷ್ಟೇ, ಇಲ್ಲಿಂದ ಇಲ್ಲಿಗೆ.

ಇಡೀ ಕಲ್ಲನ್ನು ಬೆರಳು ದಪ್ಪ ಇಳಿಸಿ ಮಟ್ಟ ಮಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಾತನಿಗೆ ಅದು ಒಂದು ದಿನದ ಕೆಲಸ. ಮಾಡಲಿಲ್ಲ. ಹೇಳಿದ ಹೆಸರನ್ನು ಹೇಳಿದ ಹಾಗೆ ಕೆತ್ತಿದ, ಗುಂಡಿಯ ತಳದಲ್ಲಿ ಕೆತ್ತಿದ. ನೀರು ಸುರಿದ ಕೂಡಲೇ ಮುಳುಗುವ ಜಾಗದಲ್ಲಿ.

ಕೆಸರು ನೀರಿನ ಕೆಳಗೆ ಜುಸ್ತೊ ಬ್ರೆಸ್ಸಾನಿ ಕಾಣುತ್ತಿರಲಿಲ್ಲ. ಇಸವಿಗಳು ಮಾತ್ರ ನೀರು ಹರಿದುಹೋದ ಕಲ್ಲಿನ ಮೇಲೆ ಕಾಣುತ್ತಿದ್ದವು.

ಎಪ್ಪತ್ತೈದು ಹಬ್ಬ. ಪ್ರತಿ ಹಬ್ಬಕ್ಕೂ ಯಾರೋ ಒಬ್ಬರು ಬಂದು ಆ ಹೆಸರನ್ನು ಮುಳುಗಿಸಿ, ಅದು ಇಲ್ಲದಷ್ಟು ಹೊತ್ತು ಮಗುವಿನ ಹತ್ತಿರ ನಿಂತು, ಕಲ್ಲು ಸೀಳದಿರಲಿ ಎಂದು ಒರೆಸಿ ಹೋಗಿದ್ದರು. ಅದರಲ್ಲಿ ಇಪ್ಪತ್ತೆರಡು ಸಲ ಅವಳೇ. ಏನು ಮಾಡುತ್ತಿದ್ದೇನೆಂದು ಗೊತ್ತಿಲ್ಲದೆ.

ಅವಳಿಗೆ ಅಳು ಬರಲಿಲ್ಲ. ಬೆರಳಿಗೆ ಚಳಿಯಾಗುತ್ತಿತ್ತು, ಚಳಿಯಾಗುತ್ತಿದೆ ಎಂಬುದು ಗೊತ್ತಾಗುತ್ತಿತ್ತು.

“ಅತ್ತೆ, ಏಳು. ಪೆನ್ನು ತಗೋ,” ವಾಲ್ಟರ್ ಬಗ್ಗಿ ಪಿಸುಗುಟ್ಟಿದ. “ಎಲ್ರೂ ಕಾಯ್ತಿದ್ದಾರೆ.”

ಅವಳು ಎದ್ದಳು. ಜೇಬಿನಿಂದ ಹಾಳೆ ತೆಗೆದು ಅವನ ಕೈಗೆ ವಾಪಸ್ ಕೊಟ್ಟಳು.

“ಹಾಕಲ್ಲ.”

“ಏನು?”

“ಮಟ್ಟ ಮಾಡೋಕೆ ಬಿಡಲ್ಲ ಇದನ್ನ.”

“ಅತ್ತೆ, ಮರ್ಯಾದೆ ಕಳೀಬೇಡ ನಂದು. ಆಗಲಿ ಅಂದಿದ್ದೆ ತಾನೇ ನೀನು?”

“ಅಂದಿದ್ದೆ. ಕೈ ಇಡು ಇಲ್ಲಿ.” ನೀರಿನತ್ತ ತೋರಿಸಿದಳು. “ಮೂಲೆ ನೋಡು. ಕಾಗದ ಕೇಳಿದೆಯಲ್ಲ, ಇದೇ ಕಾಗದ. ನಿನ್ನ ಮುತ್ತಾತ ಬರೆದದ್ದು.”

ವಾಲ್ಟರ್ ಕೈ ಇಡಲಿಲ್ಲ. ಪ್ಯಾಂಟಿಗೆ ಕೈ ಉಜ್ಜಿಕೊಂಡು ಸುತ್ತ ನೋಡಿದ. ನೇಲಿದಾ ಅವನನ್ನು ದಾಟಿ ಬಂದು, ಕೈಚೀಲ ನೆಲಕ್ಕಿಟ್ಟು, ಮೊಣಕಾಲೂರಿ ತನ್ನ ಬೆರಳು ಇಳಿಸಿದಳು. ಮೊದಲ ಮೂಲೆಗೆ ಬಂದಾಗ ಅವಳ ಕೈ ನಿಂತಿತು.

ವಕೀಲ ಗಡಿಯಾರ ನೋಡಿಕೊಂಡ. ಸಭೆಗಳನ್ನು ನಡೆಸಿ ಅಭ್ಯಾಸವಾದ ದನಿಯಲ್ಲಿ ಹೇಳಿದ: “ಸಿನ್ಯೋರಾಗೆ ಇವತ್ತು ಆಯಾಸ ಆಗಿದೆ. ಸಹಿ ಆಮೇಲೆ ಅಂಚೇಲಿ ತರಿಸ್ಕೊಳ್ಳೋಣ. ಈಗ ಪುಸ್ತಕಕ್ಕೆ ಒಂದು ಫೋಟೊ ಆಗಿಬಿಡಲಿ. ಹೆಸರು ಕಾಣ್ತಿಲ್ಲ, ಸ್ವಲ್ಪ ಆ ನೀರು ಒರೆಸಿಬಿಡಿ.”

ಕ್ಯಾಮೆರಾದವನು ಕಣ್ಣಿಗೆ ಕ್ಯಾಮೆರಾ ಏರಿಸಿ ಕಾದ. ವಾಲ್ಟರ್ ಬಕೆಟ್ಟಿನ ಅಂಚಿನ ಮೇಲಿದ್ದ ಬಟ್ಟೆಯನ್ನು ಎತ್ತಿ ಅವಳತ್ತ ಚಾಚಿದ.

“ಒರೆಸು ಅತ್ತೆ. ಅಷ್ಟಾದ್ರೂ ಮಾಡು.”

ದಾರಿಂಕಾ ಬಟ್ಟೆ ತೆಗೆದುಕೊಂಡಳು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು. ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನೂ ಕಲ್ಲಿನ ಮೇಲೆ ಸುರಿದಳು.

“ಒರೆಸಲ್ಲ,” ಎಂದಳು.